ಹೆಣ್ಣುಮಕ್ಕಳ ಜೊತೆಗೊಬ್ಬ ಮೇಡಂ

ಹಂಪಿಯ ಬಗ್ಗೆ ನಾನು ವರ್ಷಗಟ್ಟಲೆ ಪಾಠ ಮಾಡಿದ್ದೆ. ಆದರೆ ಹಂಪಿಯನ್ನು ಕಣ್ಣಾರೆ ನೋಡಿದ್ದು ಅರ್ಧ ತಾಸು ಮಾತ್ರ. ಮದುವೆಯಾದ ಹೊಸದರಲ್ಲಿ ಹುಲಿಗಿಗೆ ಹೋಗಿ ದೇವಿಯ ದರ್ಶನ ಮುಗಿಸಿದ ಮೇಲೆ, ನನ್ನ ಗಂಡ ಕಾರನ್ನು ಆ ಕಡೆ ತಿರುಗಿಸಿ ವಿರೂಪಾಕ್ಷನ ಗೋಪುರದ ಮುಂದೆ ನಿಲ್ಲಿಸಿದರು. ಒಂದು ಫೋಟೊ ಆಯಿತು. ಮೊಣಕಾಲು ನೋವಿನ ಅತ್ತೆ ಕಾರಿನಿಂದ ಇಳಿಯಲೇ ಇಲ್ಲ. ಬಜಾರಿನ ಬೀದಿಯ ಆ ತುದಿಯವರೆಗೆ ನಡೆದು ಬರುತ್ತೇನೆ ಎಂದೆ. "ಅವ್ವ ಕುಂತು ಬ್ಯಾಸತ್ತಾಳ. ಮುಂದ ಒಮ್ಮಿ ಪುರಸತ್ತಿಲೆ ಬರೋಣಂತ" ಎಂದರು ಗಂಡ. ಆ ಪುರಸತ್ತು ಬರಲಿಲ್ಲ.

ನಾನು ಲಿಂಗಸುಗೂರಿನವಳು. ಅಪ್ಪ ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಸಮಾಜ ವಿಜ್ಞಾನದ ಶಿಕ್ಷಕಿಯಾಗಿ ನನಗೆ ಮೊದಲು ನೌಕರಿ ಸಿಕ್ಕದ್ದು ಮಸ್ಕಿಯಲ್ಲಿ. ದಿನಾ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದೆ. ಅಲ್ಲಿ ಊರ ಪಕ್ಕದ ಗುಡ್ಡದಲ್ಲೇ ಅಶೋಕನ ಶಾಸನ. ಪಾಠ ಬೇಸರವೆನಿಸಿದ ದಿನ ಹೆಡ್ ಮಾಸ್ತರರಿಗೆ ಒಂದು ಮಾತು ಹೇಳಿ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೊರಟುಬಿಡುತ್ತಿದ್ದೆ. ಬಂಡೆಯ ಮುಂದೆ ಕೂರಿಸಿ, "ನೀವು ರಾಜ ಆಗಿದ್ರ ಈ ಕಲ್ಲಿನ ಮ್ಯಾಲೆ ಏನು ಕೊರಸ್ತಿದ್ರಿ?" ಎಂದು ಕೇಳುತ್ತಿದ್ದೆ. "ಸಾಲಿಗೆ ದಿನಾ ಸೂಟಿ" ಎಂದು ಒಬ್ಬ ಹೇಳಿದರೆ, "ಕುಡದು ಮನಿಗೆ ಬರಬಾರ್ದು" ಎಂದು ಒಬ್ಬಳು ಹೇಳುತ್ತಿದ್ದಳು. ಇಳಿಬಿಸಿಲಲ್ಲಿ ನಗುತ್ತ ಇಳಿದು ಬರುತ್ತಿದ್ದೆವು. ಪಾಠ ಎಂದರೆ ನಾಲ್ಕು ಗೋಡೆಯ ಒಳಗೇ ಆಗಬೇಕೆಂದಿಲ್ಲ ಎಂಬುದನ್ನು ನಾನು ಕಲಿತದ್ದು ಆ ಗುಡ್ಡದಲ್ಲಿ.

ಮದುವೆಯಾಗಿ ಸಿಂಧನೂರಿಗೆ ಬಂದೆ. ಗಂಡನದು ಬೀಜ, ಗೊಬ್ಬರದ ಅಂಗಡಿ. ಸುತ್ತಲಿನ ಕಾಲುವೆ ಊರುಗಳ ರೈತರೆಲ್ಲ ಅವರನ್ನು ಸಾಹುಕಾರ್ರೇ ಎಂದು ಕರೆಯುತ್ತಾರೆ. ಒಳ್ಳೆಯ ಮನುಷ್ಯ ಎಂದೇ ಹೆಸರು. ಅದು ಸುಳ್ಳೂ ಅಲ್ಲ. ಅಂಗಡಿಗೆ ಬಂದವರಿಗೆ ಚಹಾ ಕುಡಿಸದೆ ಕಳಿಸುವುದಿಲ್ಲ. ನನ್ನ ಮೇಲೆ ಕೈ ಎತ್ತಿದವರಲ್ಲ, ನೌಕರಿ ಬಿಡು ಎಂದವರೂ ಅಲ್ಲ. ನನ್ನನ್ನು ಒಂಟಿಯಾಗಿ ಎಲ್ಲಿಗೂ ಬಿಡುತ್ತಿರಲಿಲ್ಲ, ಅಷ್ಟೇ. ತುರ್ವಿಹಾಳದ ಕಡೆಯ ಹಳ್ಳಿಯೊಂದರ ಹೈಸ್ಕೂಲಿಗೆ ವರ್ಗ ಮಾಡಿಸಿಕೊಂಡ ಮೇಲೆ ಬೆಳಿಗ್ಗೆ ಬಸ್ ಸ್ಟ್ಯಾಂಡಿನವರೆಗೆ ಅವರೇ ಬಿಡುತ್ತಿದ್ದರು, ಸಂಜೆ ಅವರೇ ನಿಂತಿರುತ್ತಿದ್ದರು. ಓಣಿಯ ಹೆಂಗಸರು, "ಎಂಥಾ ಪುಣ್ಯವಂತಿ ಬೇ ನೀ" ಎನ್ನುತ್ತಿದ್ದರು. ಲಿಂಗಸುಗೂರಿಗೆ ತವರಿಗೆ ಹೋಗಬೇಕೆಂದರೂ ಅವರಿಗೆ ಅಂಗಡಿ ಬಿಡುವಾಗುವ ದಿನವನ್ನು ಕಾಯಬೇಕಿತ್ತು. ಇದನ್ನು ಯಾರ ಮುಂದೆಯಾದರೂ ಹೇಳಿಕೊಂಡರೆ ಕಷ್ಟದಂತೆ ಕೇಳಿಸುವುದಿಲ್ಲ. ಆದ್ದರಿಂದ ಹೇಳಿಕೊಳ್ಳುತ್ತಿರಲಿಲ್ಲ.

ನಮ್ಮ ಶಾಲೆಯಲ್ಲಿದ್ದ ಹಿರಿಯ ಮೇಡಂ ನಿವೃತ್ತರಾದ ವರ್ಷ ಉಳಿದ ಹೆಂಗಸು ನಾನೊಬ್ಬಳೇ. ಆ ಚಳಿಗಾಲದಲ್ಲಿ ಹೆಡ್ ಮಾಸ್ತರರು ನನ್ನನ್ನು ಕರೆದರು.

"ಒಂಬತ್ತನೇ ಕ್ಲಾಸಿನವರನ್ನ ಹಂಪಿಗೆ ಕರ್ಕೊಂಡು ಹೋಗಬೇಕಂತ ಮಾಡೀನ್ರಿ ಮೇಡಂ. ಹೆಣ್ಣುಮಕ್ಕಳು ಬರಬೇಕಂದ್ರ ಜೋಡಿ ಒಬ್ಬರು ಮೇಡಂ ಇರಾಕಬೇಕು. ನೀವು ಆಗಂಗಿಲ್ಲ ಅಂದ್ರ ಗಂಡುಹುಡುಗರನ್ನಷ್ಟ ಕರ್ಕೊಂಡು ಹೋಗ್ತೀವಿ."

ನಾನು ಅಲ್ಲೇ ಹೂಂ ಎಂದುಬಿಟ್ಟೆ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎನ್ನಬೇಕಾಗಿತ್ತು ಎಂದು ಹೊಳೆದದ್ದು ಬಸ್ಸಿನಲ್ಲಿ ಕೂತ ಮೇಲೆ.

ಊಟಕ್ಕೆ ಬಡಿಸುವಾಗ ವಿಷಯ ತೆಗೆದೆ. ಅತ್ತೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ನಸುಕಿನ್ಯಾಗ ಹೋಗಿ ಹೊತ್ತು ಮುಳುಗಿದ ಮ್ಯಾಲೆ ಬರಾದು. ಮನಿ ಸೊಸಿ ಹಿಂಗ ತಿರುಗಿದ್ರ ಮಂದಿ ಏನಂದಾರು?"

ಗಂಡ ನನ್ನ ಪರವಾಗಿಯೇ ಮಾತಾಡಿದರು. "ನೌಕರಿ ಅಂದಮ್ಯಾಲೆ ಹೋಗಾಕಬೇಕು ಬಿಡವ್ವ. ಫಿಕರ್ ಮಾಡಬ್ಯಾಡ, ಜೋಡಿ ನಾನೂ ಹೋಗ್ತೀನಿ."

ಅತ್ತೆಯ ಮುಖ ತಿಳಿಯಾಯಿತು. ಶಾಲೆಯವರು ಒಪ್ಪಲಿಕ್ಕಿಲ್ಲ ಎಂದು ಮೆಲ್ಲಗೆ ಹೇಳಿ ನೋಡಿದೆ. ಅವರು ಅಲ್ಲೇ ಫೋನು ತೆಗೆದು ಹೆಡ್ ಮಾಸ್ತರರಿಗೆ ಮಾಡಿದರು. ಆ ಕಡೆಯಿಂದ ಬಂದ ನಗು ನನಗೂ ಕೇಳಿಸಿತು. ಮಕ್ಕಳ ಬಾಳೆಹಣ್ಣು, ಬಿಸ್ಕೀಟು ಎಲ್ಲ ತಮ್ಮ ಕಡೆಯಿಂದ ಎಂದು ಗಂಡ ಹೇಳುತ್ತಿದ್ದರು.

ಆದರೂ ನಾನು ತಯಾರಿ ಬಿಡಲಿಲ್ಲ. ಒಲೆಯ ಮುಂದೆ ನಿಂತಾಗ, ಬಸ್ಸಿನ ಕಿಟಕಿಗೆ ತಲೆಯಾನಿಸಿದಾಗ, ಒಂದೊಂದು ಜಾಗಕ್ಕೆ ಒಂದೊಂದು ಚಟುವಟಿಕೆ ಕಟ್ಟುತ್ತಿದ್ದೆ. ಬಜಾರಿನ ಬೀದಿಯಲ್ಲಿ ಅರ್ಧ ಮಕ್ಕಳು ವ್ಯಾಪಾರಿಗಳಾಗಬೇಕು, ಉಳಿದವರು ಸಮುದ್ರ ದಾಟಿ ಬಂದ ಪರದೇಶಿಗಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಕೈಸನ್ನೆಯಲ್ಲೇ ಕುದುರೆ, ಮುತ್ತು, ಮೆಣಸು ಮಾರಬೇಕು. ಮಹಾನವಮಿ ದಿಬ್ಬದ ಗೋಡೆಯಲ್ಲಿ ಕೆತ್ತಿದ ಸಾಲುಸಾಲು ಜನರಲ್ಲಿ ಒಬ್ಬರನ್ನು ಆರಿಸಿಕೊಂಡು ಹಾಗೆಯೇ ನಿಲ್ಲಬೇಕು. ಅದು ಯಾವ ಕೆತ್ತನೆ ಎಂದು ಉಳಿದವರು ಹುಡುಕಬೇಕು. ನನಗೆ ಎಲ್ಲಕ್ಕಿಂತ ಪ್ರೀತಿಯಾಗಿದ್ದದ್ದು ನೀರಿನ ಚಟುವಟಿಕೆ. ಅರಮನೆಯ ಆವರಣದಲ್ಲಿ ಕಂಬಗಳ ಮೇಲೆ ಕೂರಿಸಿದ ಕಲ್ಲಿನ ಕಾಲುವೆಯಿದೆ ಎಂದು ಓದಿದ್ದೆ, ಚಿತ್ರ ನೋಡಿದ್ದೆ. ಅಷ್ಟು ದೊಡ್ಡ ರಾಜಧಾನಿಗೆ ನೀರು ಎಲ್ಲಿಂದ ಬರುತ್ತಿತ್ತು? ಕಾಲುವೆಯ ಬೆನ್ನು ಹತ್ತಿ ಮಕ್ಕಳೇ ಹಿಂದಕ್ಕೆ ನಡೆದು ಕಂಡುಹಿಡಿಯಬೇಕು. ನಮ್ಮ ಮಕ್ಕಳು ಹುಟ್ಟಿದ್ದೇ ಕಾಲುವೆಯ ದಂಡೆಯಲ್ಲಿ. ತೂಬು ಎಂದರೇನು, ಕೊನೆಯ ಹೊಲಕ್ಕೆ ನೀರು ಯಾಕೆ ಹತ್ತುವುದಿಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಶಾಲೆಯ ಅಂಗಳದಲ್ಲಿ ಒಂದೆರಡು ಸಲ ಆಡಿಸಿ ನೋಡಿದೆ. ಕೈಸನ್ನೆಯಲ್ಲಿ ಕುದುರೆ ಮಾರಲು ಹೋಗಿ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಹುಡುಗಿಯೊಬ್ಬಳು ತೆಲುಗಿನಲ್ಲೇ ಬೈದುಬಿಟ್ಟಾಗ ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು.

ಹೊರಟ ದಿನ ಗಂಡ ಇಸ್ತ್ರಿಯ ಬಿಳಿ ಅಂಗಿ ತೊಟ್ಟು ಬಸ್ಸಿನ ಮುಂದಿನ ಸೀಟಿನಲ್ಲಿ, ಹೆಡ್ ಮಾಸ್ತರರ ಪಕ್ಕ ಕೂತರು. ನನ್ನನ್ನು ಅವರ ಹಿಂದಿನ ಸೀಟಿಗೇ ಕರೆದರು. ಹುಡುಗಿಯರೆಲ್ಲ ಬಸ್ಸಿನ ಹಿಂದಿನ ಭಾಗದಲ್ಲಿದ್ದರು. ಅವರ ಜೊತೆ ಕೂರುತ್ತೇನೆ ಎಂದೆ. "ಹಿಂದ ಕುಂತ್ರ ನಿನಗ ವಾಂತಿ ಬರ್ತೈತಿ" ಎಂದರು. ನನಗೆ ಯಾವತ್ತೂ ಬಸ್ಸಿನಲ್ಲಿ ವಾಂತಿಯಾದದ್ದಿಲ್ಲ. ಆದರೆ ಅಷ್ಟು ಜನರ ಮುಂದೆ ಆ ಮಾತು ಬೆಳೆಸುವುದು ಬೇಡವೆನಿಸಿತು. ಗಂಗಾವತಿ ದಾಟಿತು, ಕಂಪ್ಲಿಯ ಹೊಳೆ ದಾಟಿತು. ಹಿಂದೆ ಹುಡುಗಿಯರು ಅಂತ್ಯಾಕ್ಷರಿ ಶುರುಮಾಡಿದ್ದರು. ಹೊಳೆ ಬಂದಾಗ ಎಲ್ಲರೂ ಎದ್ದು ಕಿಟಕಿಗೆ ಮುಗಿಬಿದ್ದ ಸದ್ದು ಕೇಳಿತು. ನನ್ನೆದುರಿಗೆ ಇಸ್ತ್ರಿಯ ಬಿಳಿ ಬೆನ್ನೊಂದೇ ಇತ್ತು.

ಬಸ್ಸಿನಿಂದ ಇಳಿಯುತ್ತಲೇ ಅವರು ಒಬ್ಬ ಗೈಡನ್ನು ಗೊತ್ತುಮಾಡಿದರು. "ನೀ ಯಾಕ ಗಂಟಲು ಹರ್ಕೊಂತಿ? ಅಂವಗ ಎಲ್ಲಾ ಬಾಯಿಪಾಠ ಐತಿ." ಛತ್ರಿ ಮೇಲೆತ್ತಿಕೊಂಡು ಗೈಡು ಮುಂದೆ ಮುಂದೆ ಓಡಿದ, ಮಕ್ಕಳು ಹಿಂದೆ ಹಿಂದೆ. ಮಹಾನವಮಿ ದಿಬ್ಬದ ಹತ್ತಿರ ನಾನು ಹೇಗೋ ಮಕ್ಕಳನ್ನು ತಡೆದು ನಿಲ್ಲಿಸಿದೆ. ಒಬ್ಬ ಹುಡುಗ ಕುದುರೆಯ ಲಗಾಮು ಹಿಡಿದವನಂತೆ ಎದೆಯುಬ್ಬಿಸಿ ನಿಂತ. ಹುಡುಗಿಯರು ಗೋಡೆಯುದ್ದಕ್ಕೂ ಬಗ್ಗಿ ಬಗ್ಗಿ ಹುಡುಕತೊಡಗಿದರು. "ಸಿಕ್ತು ಮೇಡಂ, ಇಲ್ಲಿ ಅದಾನ!" ಎಂದು ಒಬ್ಬಳು ಕೂಗಿದ್ದೇ ತಡ, ಗಂಡ ಚಪ್ಪಾಳೆ ತಟ್ಟುತ್ತ ಬಂದರು.

"ನಡೀರಿ ನಡೀರಿ, ಬಿಸಲು ಏರಾಕತ್ತೈತಿ. ಆಟ ಸಾಲ್ಯಾಗ ಆಡ್ರಿ. ಇನ್ನ ಕಲ್ಲಿನ ತೇರು ನೋಡಬೇಕು, ಸಂಜಿಕ ಡ್ಯಾಮಿನ ಗಾರ್ಡನ್ನು ಐತಿ."

ಗಾರ್ಡನ್ನು ಎಂದ ಕೂಡಲೇ ಹುಡುಗರು ಹೋ ಎಂದು ಕಿರುಚಿದರು. ಮಕ್ಕಳ ತಪ್ಪೇನಿಲ್ಲ. ಬಣ್ಣದ ಕಾರಂಜಿಯನ್ನು ಬಿಟ್ಟು ಸವೆದ ಕಲ್ಲನ್ನು ನೋಡಿ ಎಂದರೆ ಯಾವ ಮಕ್ಕಳು ಕೇಳುತ್ತಾರೆ? ನಾನು ಸಾಲಿನ ಕೊನೆಗೆ ಸೇರಿಕೊಂಡೆ.

ರಾಣೀವಾಸದ ಆವರಣಕ್ಕೆ ಬಂದೆವು. ಸುತ್ತ ಎತ್ತರದ ದಪ್ಪ ಗೋಡೆ, ಮೂಲೆಗಳಲ್ಲಿ ಕಾವಲು ಗೋಪುರ. ರಾಣಿಯರನ್ನು ಇಲ್ಲಿ ಹೇಗೆ ಕಾಯುತ್ತಿದ್ದರು ಎಂದು ಗೈಡು ಬಣ್ಣಿಸಿದ. ನನ್ನ ಗಂಡ ಸೊಂಟದ ಮೇಲೆ ಕೈಯಿಟ್ಟು ಗೋಡೆಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ಇಂಥಾದೊಂದು ಗ್ವಾಡಿ ನಮ್ಮ ಮನಿಗೂ ಕಟ್ಟಸಬೇಕು ನೋಡ್ರಿ ಸರ್" ಎಂದರು ಹೆಡ್ ಮಾಸ್ತರರಿಗೆ. ಇಬ್ಬರೂ ನಕ್ಕರು. ಹುಡುಗರೂ ನಕ್ಕರು. ನಾನೂ ನಕ್ಕೆ. ರೂಢಿಯಿಂದ ಬಂದ ನಗು ಅದು. ಹುಲ್ಲಿನ ಮೇಲೆ ನಿಂತು ಸುತ್ತ ನೋಡಿದೆ. ಹೊರಗಿನ ಗುಡ್ಡಗಳ ತಲೆ ಮಾತ್ರ ಅಲ್ಲಲ್ಲಿ ಕಾಣುತ್ತಿತ್ತು.

ಊಟಕ್ಕೆ ಮತ್ತೆ ದಿಬ್ಬದ ಕಡೆ ಬಂದು ಮರದ ನೆರಳಿನಲ್ಲಿ ಕೂತೆವು. ಚಪಾತಿ, ಶೇಂಗಾ ಹಿಂಡಿ, ಚಿತ್ರಾನ್ನ. ಗಂಡ ತಾವೇ ನಿಂತು ಎಲ್ಲರಿಗೂ ಬಾಳೆಹಣ್ಣು ಹಂಚಿದರು. ಹಿಂಜರಿದ ಹುಡುಗಿಯೊಬ್ಬಳಿಗೆ, "ತಿನ್ನವ್ವ, ನಿಮ್ಮಪ್ಪ ನಂಗ ಗೊತ್ತದಾನ" ಎಂದು ಇನ್ನೊಂದು ಕೊಟ್ಟರು. ಉಂಡ ಮೇಲೆ ಗಂಡಸರು ಟವೆಲ್ ಹಾಸಿಕೊಂಡು ಅಡ್ಡಾದರು. ಹುಡುಗರು ದಿಬ್ಬದ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು.

ವಳಕಮದಿನ್ನಿ ಕಡೆಯಿಂದ ಬರುವ ಹುಡುಗಿಯೊಬ್ಬಳು ನನ್ನ ಪಕ್ಕ ಬಂದು ಕೂತಳು. ಕ್ಲಾಸಿನಲ್ಲಿ ಕೇಳಿದರಷ್ಟೇ ಮಾತಾಡುವವಳು. "ಮೇಡಂ, ನೀರಿಂದು ಮಾಡಸ್ತೀನಿ ಅಂದಿದ್ರಿ" ಎಂದಳು.

ಎದ್ದೆ. ಹುಡುಗಿಯರನ್ನೆಲ್ಲ ಕರೆದುಕೊಂಡು ಕಾಲುವೆಯ ಹತ್ತಿರ ಹೋದೆ.

ಚಿತ್ರದಲ್ಲಿ ನೋಡಿದ್ದಕ್ಕಿಂತ ಸರಳವಾಗಿತ್ತು ಅದು. ಮೋಟು ಕಂಬಗಳ ಮೇಲೆ ಸಾಲಾಗಿ ಕೂರಿಸಿದ ಕಲ್ಲಿನ ದೋಣಿಗಳು. ಒಂದರ ಬಾಯಿಗೆ ಇನ್ನೊಂದು. ಒಬ್ಬಳು ಬಾಟಲಿಯಿಂದ ಒಂದಿಷ್ಟು ನೀರು ಸುರಿದಳು. ಎಲ್ಲರೂ ಉಸಿರು ಹಿಡಿದು ಬಗ್ಗಿದರು. ನೀರು ಒಂದು ಕ್ಷಣ ಅನುಮಾನಿಸಿ, ಆಮೇಲೆ ಪಕ್ಕದಲ್ಲಿದ್ದ ಪುಷ್ಕರಣಿಯ ಕಡೆ ಸಣ್ಣಗೆ ಹರಿಯಿತು. "ಹಂಗಾದ್ರ ಬರೋದು ಆ ಕಡಿಂದ!" ಎಂದು ಇನ್ನೊಂದು ದಿಕ್ಕಿಗೆ ಕೈ ತೋರಿಸಿ ಓಡತೊಡಗಿದರು. ಕಾಲುವೆ ಮುರಿದು ಮಾಯವಾದ ಕಡೆ ನಿಂತು ಜಗಳ ಮಾಡಿದರು. "ನೀರು ದಿಬ್ಬ ಹತ್ತಂಗಿಲ್ಲಲೇ, ಸುತ್ತ ಹಾಕ್ಕೊಂಡು ಬಂದಿರ್ತೈತಿ" ಎಂದಳು ವಳಕಮದಿನ್ನಿಯವಳು. ಯಾವತ್ತೂ ಬಾಯಿ ಬಿಡದವಳು ಈಗ ಎಲ್ಲರಿಗಿಂತ ಮುಂದಿದ್ದಳು. ಹುಲ್ಲುಹಾಸು ಮುಗಿಯಿತು. ಕುಸಿದ ಗೋಡೆಯೊಂದರ ಸಂದಿಯಿಂದ ಹೊರಗೆ ಬಂದೆವು. ಕಾಲುದಾರಿ, ಆಮೇಲೆ ಬಾಳೆತೋಟ. ತೋಟದ ಬದಿಯಲ್ಲಿ ನಿಜವಾದ ಕಾಲುವೆ, ತುಂಬಿ ಹರಿಯುತ್ತಿತ್ತು.

ಅದೇ ನೀರು ಕಲ್ಲಿನ ಕಾಲುವೆಗೆ ಬರುತ್ತಿತ್ತೋ ಇಲ್ಲವೋ ನಾನು ಖಚಿತವಾಗಿ ಹೇಳಲಾರೆ. ಹುಡುಗಿಯರಿಗೆ ಮಾತ್ರ ಒಂದು ಚೂರೂ ಅನುಮಾನ ಇರಲಿಲ್ಲ. ಗೆದ್ದವರಂತೆ ದಂಡೆಯ ಮೇಲೆ ಸಾಲಾಗಿ ಕೂತು ಚಪ್ಪಲಿ ಬಿಚ್ಚಿ ನೀರಿಗೆ ಕಾಲು ಇಳಿಬಿಟ್ಟರು.

"ಇಲ್ಲೂ ಮ್ಯಾಲಿನವ್ರು ನೀರು ಕಟ್ಕೋತಾರೇನ್ರಿ ಮೇಡಂ?" ಎಂದು ಒಬ್ಬಳು ಕೇಳಿದಳು.

"ರಾಜನ ಕಾಲದಾಗ ಕಟ್ಕೊಂಡಿದ್ರ ಕೈ ಕಡೀತಿದ್ರು" ಎಂದು ಇನ್ನೊಬ್ಬಳು ಉತ್ತರ ಕೊಟ್ಟಳು.

ನಾನೂ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿ ಕಾಲು ಇಳಿಬಿಟ್ಟೆ. ನೀರು ತಣ್ಣಗಿತ್ತು. ಬಾಳೆಯ ಎಲೆಗಳ ನಡುವೆ ಬಿಸಿಲು ಬೀಳುತ್ತಿತ್ತು. ಮಸ್ಕಿ ಬಿಟ್ಟ ಮೇಲೆ ಅಷ್ಟು ಹಗುರಾಗಿ ನಾನು ಉಸಿರಾಡಿದ್ದು ಅದೇ ಮೊದಲು. ಎಷ್ಟು ಹೊತ್ತು ಕೂತಿದ್ದೆವೋ ನೆನಪಿಲ್ಲ. ಬಹಳವೇನೂ ಅಲ್ಲ.

ಆಗ ಕೂಗು ಕೇಳಿಸಿತು. ನನ್ನ ಹೆಸರು ಹಿಡಿದು ಕೂಗುತ್ತ ಗಂಡ ಕಾಲುದಾರಿಯಲ್ಲಿ ಓಡಿ ಬರುತ್ತಿದ್ದರು. ಹಿಂದೆ ಹೆಡ್ ಮಾಸ್ತರರು, ಅವರ ಹಿಂದೆ ಸೀಟಿ ಊದುತ್ತ ಒಬ್ಬ ಕಾವಲುಗಾರ. ನನ್ನ ಫೋನು ಬಸ್ಸಿನಲ್ಲಿ, ಕೈಚೀಲದಲ್ಲಿ ಉಳಿದಿತ್ತು. ಗಂಡನ ಬಿಳಿ ಅಂಗಿ ಬೆವರಿನಿಂದ ಮೈಗೆ ಅಂಟಿತ್ತು, ಮುಖ ಬಿಳಿಚಿತ್ತು. ನಿಜವಾಗಿಯೂ ಹೆದರಿದ್ದರು. ನನ್ನನ್ನು ಕಂಡ ಕೂಡಲೇ ಆ ಹೆದರಿಕೆಯೆಲ್ಲ ಸಿಟ್ಟಾಯಿತು.

"ತಲಿ ಐತೇನ್ ನಿನಗ? ಫೋನ್ ಎಲ್ಲಿ ಒಗದಿ? ಹೊಳಿ ಐತಿ, ಕಾಲುವಿ ಐತಿ, ಮಂದಿ ಹೆಣ್ಣುಮಕ್ಕಳನ್ನ ಕರ್ಕೊಂಡು ಇಲ್ಲಿ ಬಂದು ಕುಂತೀಯಲ್ಲ! ಹೆಚ್ಚು ಕಡಿಮಿ ಆಗಿದ್ರ ಯಾರು ಜವಾಬ್ದಾರಿ? ಅದಕ್ಕ ನಾ ನಿನ್ನ ಒಬ್ಬಾಕಿನ್ನ ಕಳಸಂಗಿಲ್ಲ ಅನ್ನೋದು!"

ಸೀರೆಯನ್ನು ಕೆಳಗೆ ಬಿಟ್ಟುಕೊಳ್ಳುತ್ತ ಎದ್ದು ನಿಂತೆ. ಹುಡುಗಿಯರು ಚಪ್ಪಲಿ ಕೈಯಲ್ಲಿ ಹಿಡಿದು ಮಿಸುಕದೆ ನಿಂತಿದ್ದರು. ಇವರು ಎಲ್ಲೂ ಕಳೆದುಹೋಗಿರಲಿಲ್ಲ, ಪಾಠ ಕಲಿಯುತ್ತಿದ್ದರು ಎಂದು ಹೇಳಬೇಕಿತ್ತು. ನಾಲಿಗೆಗೆ ಬಂದದ್ದು, "ತಪ್ಪಾತ್ರೀ" ಎಂಬ ಒಂದೇ ಮಾತು.

"ಹೋಗ್ಲಿ ಬಿಡ್ರಿ ಸಾಹುಕಾರ್ರ, ಸಿಕ್ಕರಲ್ಲ" ಎಂದರು ಹೆಡ್ ಮಾಸ್ತರರು. ನನಗಲ್ಲ, ಅವರಿಗೆ ಸಮಾಧಾನ.

ಉಳಿದ ದಿನ ಹೇಗೆ ಕಳೆಯಿತೋ. ಕಲ್ಲಿನ ತೇರಿನ ಮುಂದೆ ಎಲ್ಲರ ಫೋಟೊ ಆಯಿತು. ಸಂಜೆ ಡ್ಯಾಮಿನ ಗಾರ್ಡನ್ನಿನಲ್ಲಿ ಗಂಡ ಎಲ್ಲರಿಗೂ ಐಸ್ ಕ್ರೀಮ್ ಕೊಡಿಸಿದರು. ಸಿಟ್ಟು ಅಷ್ಟೊತ್ತಿಗೆ ಪೂರ್ತಿ ಇಳಿದಿತ್ತು. ನನಗೂ ಒಂದು ತಂದುಕೊಟ್ಟು, "ತಿನ್ನು, ಕರಗಾಕತ್ತೈತಿ" ಎಂದರು ಪ್ರೀತಿಯಿಂದಲೇ. ತಿಂದೆ. ವಾಪಸು ಬರುವಾಗ ಬಸ್ಸಿನ ನಡುವೆ ನಿಂತು ಮಕ್ಕಳ ಜೊತೆ ಹಾಡಿದರು. ಹುಡುಗರು ಅವರಿಗೆ ಜೈಕಾರ ಹಾಕಿದರು. ನನ್ನ ಹಿಂದಿನ ಸೀಟುಗಳಲ್ಲಿ ಹುಡುಗಿಯರು ಹೋಗುವಾಗಿನಂತೆ ಹಾಡಲಿಲ್ಲ.

ಮರುದಿನ ಕ್ಲಾಸಿನಲ್ಲಿ ಏನೇನು ನೋಡಿದಿರಿ ಎಂದು ಕೇಳಿದೆ. ಆನೆಲಾಯ, ತೇರು, ಕಾರಂಜಿ ಎಂದು ಹುಡುಗರು ಕೂಗಿದರು. ಹುಡುಗಿಯರ ಕಡೆಯಿಂದ ಕಾಲುವೆಯ ಸುದ್ದಿಯೇ ಬರಲಿಲ್ಲ. ಗಂಟೆ ಬಾರಿಸಿದ ಮೇಲೆ ವಳಕಮದಿನ್ನಿಯ ಹುಡುಗಿ ಮತ್ತಿಬ್ಬರೊಂದಿಗೆ ವರಾಂಡದಲ್ಲಿ ನನ್ನನ್ನು ಹಿಡಿದಳು.

"ಮೇಡಂ, ನಮ್ಮ ಸಲುವಾಗಿ ನೀವು ಬೈಸಿಕೊಂಡ್ರಿ. ಇನ್ನ ಮ್ಯಾಲೆ ನಾವು ಎಲ್ಲಿಗೆ ಹೋದ್ರೂ ಅಷ್ಟು ದೂರ ಹೋಗಂಗಿಲ್ರಿ."

ಉಳಿದಿಬ್ಬರೂ ತಲೆಯಾಡಿಸಿದರು. ನನ್ನನ್ನು ಸಂತೈಸಲು ಬಂದಿದ್ದರು ಪಾಪ. ಹಾಗಲ್ಲ ಎಂದೆ, ನೀವು ಮಾಡಿದ್ದೇ ಸರಿ ಎಂದೆ. ಅವರು ಕೇಳಿಸಿಕೊಂಡರು, ಆದರೆ ನಂಬಲಿಲ್ಲ. ನಾನು ತಪ್ಪಾತು ಎಂದದ್ದನ್ನು ಅವರೇ ಕಿವಿಯಾರೆ ಕೇಳಿದ್ದರಲ್ಲ. ನಾನು ಅಷ್ಟು ಪ್ರೀತಿಯಿಂದ ಕಟ್ಟಿದ ಚಟುವಟಿಕೆಯಿಂದ ಅವರು ಕಲಿತದ್ದು ಇದು. ಅವತ್ತು ಸ್ಟಾಫ್ ರೂಮಿನಲ್ಲಿ ಕೂತು ಮುಂದಿನ ಪಿರಿಯಡ್ಡಿಗೆ ಹೋಗಲಾರದೆ ತಲೆನೋವೆಂದು ಸುಳ್ಳು ಹೇಳಿದೆ.

ಹುಡುಗಿಯರು ಹೇಳಿದ್ದನ್ನು ಗಂಡನಿಗೆ ತಿಳಿಸಿದೆ. ಅಂಗಡಿಗೆ ಹೊರಟು ನಿಂತಿದ್ದರು. "ಒಳ್ಳೇದಾತಲ್ಲ, ಬುದ್ಧಿ ಬಂತು" ಎಂದು ಖುಷಿಯಿಂದ ಹೇಳಿ ಗಾಡಿ ಚಾಲೂ ಮಾಡಿದರು.

ಮುಂದಿನ ವರ್ಷ ಹೆಡ್ ಮಾಸ್ತರರು ನನ್ನನ್ನು ಕೇಳಲೇ ಇಲ್ಲ. ಒಂದು ಬೆಳಿಗ್ಗೆ, "ಸಾಹುಕಾರ್ರು ಹೂಂ ಅಂದಾರ್ರಿ ಮೇಡಂ, ಈ ಸಲನೂ ಹಂಪಿನೇ" ಎಂದರು. ನನ್ನ ಪ್ರವಾಸಕ್ಕೆ ನನ್ನ ಒಪ್ಪಿಗೆಯೂ ಬೇಕಾಗಿರಲಿಲ್ಲ.

"ನಾ ಬರಂಗಿಲ್ಲ ಸರ್" ಎಂದೆ. ಆ ಮಾತು ಹೇಳಿದಾಗ ಬಿಡುಗಡೆಯಾದಂತೆ ಅನಿಸಿತು. ಆ ಬಿಡುಗಡೆ ಮಧ್ಯಾಹ್ನದ ಊಟದವರೆಗೆ ಮಾತ್ರ ಉಳಿಯಿತು. ಊಟದ ಹೊತ್ತಿಗೆ ಆ ವರ್ಷದ ಒಂಬತ್ತನೇ ಕ್ಲಾಸಿನ ಹುಡುಗಿಯರು ಬಾಗಿಲಲ್ಲಿ ಗುಂಪಾಗಿ ನಿಂತಿದ್ದರು. "ನೀವು ಬರಲಿಲ್ಲಂದ್ರ ನಮ್ಮನ್ನ ಕರ್ಕೊಂಡು ಹೋಗಂಗಿಲ್ಲಂತ್ರಿ ಮೇಡಂ. ಅಪ್ಪನ ಕಾಲು ಹಿಡಿದು ಪರವಾನಗಿ ತಗೊಂಡೀನ್ರಿ" ಎಂದು ಒಬ್ಬಳು ಅಳುವುದಕ್ಕೇ ಬಂದಳು.

ಸಂಜೆ ಬಸ್ಸಿನಲ್ಲಿ ಕಿಟಕಿಯಾಚೆ ಹಸಿರು ಗದ್ದೆಗಳು ಹಿಂದೆ ಸರಿಯುತ್ತಿದ್ದವು, ನನ್ನ ತಲೆಯಲ್ಲಿ ಅದೇ ಲೆಕ್ಕ ಸುತ್ತುತ್ತಿತ್ತು. ನಾನು ಹೋದರೆ ಗಂಡ ಬರುತ್ತಾರೆ. ಹೋಗದಿದ್ದರೆ ಈ ಹುಡುಗಿಯರಿಗೆಲ್ಲ ಬಾಗಿಲು ಹಾಕಿದವಳು ನಾನಾಗುತ್ತೇನೆ. ಎತ್ತ ತಿರುಗಿದರೂ ಗೋಡೆ.

ಸಿಂಧನೂರಿನಲ್ಲಿ ಇಳಿದಾಗ ಗಂಡ ಎಂದಿನಂತೆ ನಿಂತಿದ್ದರು. "ಮನಿಗೆ ಬ್ಯಾಡ, ಅಂಗಡಿಗೆ ನಡೀರಿ" ಎಂದೆ. ಆಶ್ಚರ್ಯಪಟ್ಟರು, ಆದರೆ ಕರೆದೊಯ್ದರು. ಮನೆಯಲ್ಲಿ ಅತ್ತೆಯ ಎದುರು ಈ ಮಾತು ನನ್ನಿಂದ ಹೊರಡುತ್ತಿರಲಿಲ್ಲ. ಬಂದ ರೈತರು ಹೋಗುವವರೆಗೆ ಗೊಬ್ಬರದ ಚೀಲಗಳ ಪಕ್ಕ ಕುರ್ಚಿಯಲ್ಲಿ ಕೂತಿದ್ದೆ. ಆಮೇಲೆ ಹೇಳಿದೆ.

"ಈ ವರ್ಷ ನಾ ಹೋಗ್ತೀನಿ. ನೀವು ಬರಬ್ಯಾಡ್ರಿ."

"ಯಾಕ? ನಾ ಏನ್ ಮಾಡೀನಿ?"

"ಹ್ವಾದ ವರ್ಷ ಮಕ್ಕಳ ಮುಂದ ನನ್ನ ಬೈದ್ರಿ."

"ಅಂಜಿ ಬೈದೆ. ನೀ ಕಾಣಲಿಲ್ಲ ಅಂದ್ರ ನನ್ನ ಜೀವ ಹೆಂಗ ಆಗಿತ್ತಂತ ನಿನಗೇನ್ ಗೊತ್ತು?"

"ಗೊತ್ತೈತ್ರೀ. ಆದ್ರ ನೀವು ಜೋಡಿ ಇದ್ರ ನಾ ಅಲ್ಲಿ ಮೇಡಂ ಇರಂಗಿಲ್ಲ. ಬರೇ ನಿಮ್ಮ ಹೇಣ್ತಿ ಇರ್ತೀನಿ."

ಅವರು ತಕ್ಕಡಿಯ ಮೇಲಿನ ಧೂಳು ಒರೆಸಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ನೋವಾಗಿತ್ತು. ನನಗೆ ಅದನ್ನು ನೋಡುವುದು ಸಿಟ್ಟಿಗಿಂತ ಕಷ್ಟವಾಯಿತು. ನಾಲ್ಕಾರು ದಿನ ನಮ್ಮ ನಡುವೆ ಮಾತು ಉಪ್ಪು, ನೀರಿಗಷ್ಟೇ ಇತ್ತು. ಕೊನೆಗೆ ಅವರು ಬರಲಿಲ್ಲ. ಬಸ್ಸನ್ನು ಮಾತ್ರ ತಾವೇ ಗೊತ್ತುಮಾಡಿಕೊಟ್ಟರು. ಡ್ರೈವರು ಅವರ ಪರಿಚಯದವನು.

ಆ ಸಲ ನಾನು ಹಿಂದಿನ ಸೀಟಿನಲ್ಲಿ ಹುಡುಗಿಯರ ನಡುವೆ ಕೂತೆ. ಬಜಾರಿನ ಬೀದಿಯಲ್ಲಿ ಕೈಸನ್ನೆಯ ವ್ಯಾಪಾರ ಜೋರಾಗಿ ನಡೆಯಿತು. ಪರದೇಶದಿಂದ ಬಂದ ಪ್ರವಾಸಿಗಳಿಬ್ಬರು ನಿಂತು ನೋಡಿ, ಆಮೇಲೆ ತಾವೂ ಸೇರಿ, ಇಲ್ಲದ ಕುದುರೆಯೊಂದನ್ನು ಕೊಂಡರು. ಹುಡುಗರನ್ನೂ ಸೇರಿಸಿಕೊಂಡು ನೀರಿನ ಚಟುವಟಿಕೆಗೆ ಹೊರಟೆ. ಹೊರಡುವಾಗ ಡ್ರೈವರು ಹತ್ತಿರ ಬಂದು, "ಎಲ್ಲಿ ಹೊಂಟ್ರಿ ಮೇಡಂ? ಸಾಹುಕಾರ್ರು ಫೋನ್ ಮಾಡಿದ್ರ ಹೇಳಾಕ ಬೇಕಲ್ರಿ" ಎಂದ. ಅವನಿಗೆ ಕಾಲುವೆಯ ಕಡೆ ಕೈ ತೋರಿಸಿದೆ.

ಬಾಟಲಿಯ ನೀರು ಹರಿಯಿತು. ಮಕ್ಕಳು ಕೂಗಿದರು, ಓಡಿದರು, ಮುರಿದ ಕಡೆ ಜಗಳ ಮಾಡಿದರು. ಹುಲ್ಲುಹಾಸಿನ ಅಂಚಿಗೆ, ಆ ಕುಸಿದ ಗೋಡೆಯ ಹತ್ತಿರ ಬಂದೆವು. ಆಚೆ ಬಾಳೆತೋಟ ಕಾಣುತ್ತಿತ್ತು.

"ಮುಂದ ಹೋಗೋಣ್ರಿ ಮೇಡಂ?" ಎಂದು ಮುಂದಿದ್ದ ಹುಡುಗಿ ಕೇಳಿದಳು.

"ಸಾಕು, ಇಲ್ಲಿಗೇ ಸಾಕು" ಎಂದೆ.

ಯಾರೂ ಕೂಗಿರಲಿಲ್ಲ. ಸೀಟಿ ಊದುವವರು ಯಾರೂ ಇರಲಿಲ್ಲ. ಗಂಡ ಎಷ್ಟೋ ಮೈಲಿ ಆಚೆ ಅಂಗಡಿಯಲ್ಲಿ ಕೂತಿದ್ದರು. ಹಾಗಿದ್ದೂ ನನ್ನ ಕಾಲು ಆ ಸಂದಿಯನ್ನು ದಾಟಲಿಲ್ಲ. ನೀರು ಎಲ್ಲಿಂದ ಬರುತ್ತಿತ್ತು ಎಂಬುದನ್ನು ಅಲ್ಲೇ ನಿಂತು ಬಾಯಿಮಾತಿನಲ್ಲಿ ಹೇಳಿ ಮುಗಿಸಿದೆ. ಮಕ್ಕಳು ಒಮ್ಮೆ ತೋಟದ ಕಡೆ ಇಣುಕಿ ನೋಡಿ ನನ್ನ ಹಿಂದೆ ತಿರುಗಿದರು. ಆ ವರ್ಷ ಯಾರೂ ನನ್ನನ್ನು ಬೈಯಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲರೂ ಹಾಡಿದರು, ನಾನೂ ಹಾಡಿದೆ. ಆದರೆ ಒಳಗೆ ಏನೋ ಒಂದು ಕೂತೇ ಇತ್ತು. ಇಷ್ಟು ದಿನ ನನ್ನನ್ನು ಹಿಡಿದಿಟ್ಟವರು ಅವರು ಎಂದುಕೊಂಡಿದ್ದೆ. ಅವರು ಬಾರದ ದಿನವೂ ಆ ಕೆಲಸವನ್ನು ನಾನೇ ಮಾಡಿದ್ದೆ.

ಈ ವರ್ಷ ನಮ್ಮ ಶಾಲೆಗೆ ಹೊಸ ಮೇಡಂ ಬಂದಿದ್ದಾರೆ. ವಿಜ್ಞಾನದವರು, ಚಿಕ್ಕ ವಯಸ್ಸು. ಸ್ಕೂಟಿಯಲ್ಲಿ ಸಿಂಧನೂರಿನಿಂದ ಒಬ್ಬರೇ ಬರುತ್ತಾರೆ, ಕಾಲುವೆಯ ದಂಡೆಯ ದಾರಿಯಲ್ಲಿ. ಹೋದ ವಾರ ಹೆಡ್ ಮಾಸ್ತರರು ಪ್ರವಾಸದ ಮಾತು ತೆಗೆದು ನನ್ನತ್ತ ನಕ್ಕರು.

"ಇನ್ನ ನಿಮಗ ತ್ರಾಸಿಲ್ಲ ಬಿಡ್ರಿ ಮೇಡಂ. ಹೆಣ್ಣುಮಕ್ಕಳ ಜೋಡಿ ಈ ಮೇಡಂ ಹೋಗ್ತಾರ. ನೀವು ಆರಾಮ ಮನ್ಯಾಗ ಇರ್ರಿ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಹೊಸ ಮೇಡಂ ನನ್ನನ್ನು ನೋಡಿದರು. "ನೀವು ಅಲ್ಲಿ ಏನೇನೋ ಆಡಸ್ತೀರಂತಲ್ರಿ, ಹುಡುಗ್ಯಾರು ಹೇಳಿದ್ರು. ನನಗೂ ಹೇಳಿಕೊಡ್ರಿ" ಎಂದರು.

ಬಾಯಿಮಾತಿನಲ್ಲಿ ಹೇಳಿಕೊಡಬಹುದಿತ್ತು. ಅದು ಸುಲಭವಾಗಿಯೂ ಇತ್ತು.

"ಇಬ್ಬರೂ ಹೋಗ್ತೀವಿ ಸರ್" ಎಂದೆ.

ಹೆಡ್ ಮಾಸ್ತರರು ಹುಬ್ಬೇರಿಸಿದರು. "ಸಾಹುಕಾರ್ರನ್ನ ಕೇಳೀರೇನ್ರಿ?"

"ನನ್ನನ್ನ ಕೇಳಿದ್ರಲ್ರಿ, ನಾ ಹೇಳೀನಿ."

ಪ್ರವಾಸ ಸಂಕ್ರಾಂತಿ ಮುಗಿದ ಮೇಲೆ. ನಿನ್ನೆ ಸಂಜೆ ಶಾಲೆ ಬಿಟ್ಟ ಮೇಲೆ ಹೊಸ ಮೇಡಂ ಮತ್ತು ನಾನು ಅಂಗಳದಲ್ಲಿ ಹುಡುಗಿಯರನ್ನು ನಿಲ್ಲಿಸಿಕೊಂಡು ಕೈಸನ್ನೆಯ ವ್ಯಾಪಾರ ಕಲಿಸಿದೆವು. ಮನೆಯಲ್ಲಿ ಇನ್ನೂ ಹೇಳಿಲ್ಲ.